ಕ್ಯೂಆರ್ ಅಂಟಿಸಿದರೆ ಸಾಕಾ? ಗಡಿನಾಡಿನ ಸಂಘಗಳಿಗೆ ಆನ್‌ಲೈನ್ ದೇಣಿಗೆಯ ಒಳಹೊರಗು

ಕಾಸರಗೋಡಿನ ಹಳ್ಳಿಗಳಲ್ಲಿ ಸಂಘದ ಕೆಲಸಕ್ಕೆ ದುಡ್ಡು ಒಟ್ಟುಮಾಡುವ ಕ್ರಮ ಎಲ್ಲರಿಗೂ ಗೊತ್ತು. ಸಮಿತಿಯ ನಾಲ್ಕು ಜನ ರಸೀದಿ ಪುಸ್ತಕ ಹಿಡಿದು ಮನೆಮನೆ ಹತ್ತುತ್ತಾರೆ. ಬೆಲ್ಲ ನೀರು ಕುಡಿದು, ಅಡಿಕೆ ರೇಟಿನ ಮಾತಾಡಿ, ಮೆಲ್ಲಗೆ ವಿಷಯ ತೆಗೆಯುತ್ತಾರೆ. ಮನೆಯವರು ಕೊಡುವುದು ಎದುರಿಗೆ ಕೂತವರ ಮುಖ ನೋಡಿ. ಇವರ ಅಪ್ಪ ಯಾರು, ಹೋದ ಸಲ ಮಾಡಿದ ಕೆಲಸ ಏನಾಯಿತು, ಎಲ್ಲ ಗೊತ್ತಿರುತ್ತದೆ. ಲೆಕ್ಕ ತಪ್ಪಿದರೆ ಕೇಳಲು ನಾಳೆ ಪೇಟೆಯಲ್ಲೇ ಸಿಗುತ್ತಾರೆ.

ಈಗ ಆ ಮನೆಯ ಮಗ ಬೆಂಗಳೂರಿನಲ್ಲಿದ್ದಾನೆ, ಮಗಳು ಅಬುಧಾಬಿಯಲ್ಲಿ. ಮುಂಬೈಯಲ್ಲಿ ಹೋಟೆಲ್ ಇಟ್ಟವರು ವರ್ಷಕ್ಕೊಮ್ಮೆ ಕೋಲಕ್ಕೋ ಬ್ರಹ್ಮಕಲಶಕ್ಕೋ ಬಂದು ಹೋಗುತ್ತಾರೆ. ಅವರಿಗೆಲ್ಲ ಊರಿಗೆ ಏನಾದರೂ ಮಾಡಬೇಕು ಅಂತ ಮನಸ್ಸಿದೆ. ಸಂಘದವರು ಫ್ಲೆಕ್ಸಿನ ಮೂಲೆಯಲ್ಲಿ ಒಂದು ಕ್ಯೂಆರ್ ಕೋಡ್ ಅಂಟಿಸಿ, ಅದರ ಫೋಟೋ ವಾಟ್ಸಾಪಿಗೆ ಹಾಕುತ್ತಾರೆ. ಮೊದಲ ಎರಡು ದಿನ ಸ್ವಲ್ಪ ಬರುತ್ತದೆ, ಆಮೇಲೆ ನಿಂತುಹೋಗುತ್ತದೆ. "ಆನ್‌ಲೈನಲ್ಲಿ ಯಾರೂ ಕೊಡುವುದಿಲ್ಲ" ಅಂತ ಸಮಿತಿ ತೀರ್ಮಾನ ಮಾಡಿಬಿಡುತ್ತದೆ.

ಆನ್‌ಲೈನಲ್ಲಿ ಕೊಡುವವರಿಗೆ ನಿಮ್ಮ ಮುಖ ಕಾಣುವುದಿಲ್ಲ. ಮುಖ ಮಾಡುತ್ತಿದ್ದ ಕೆಲಸವನ್ನು ಬೇರೆ ಏನಾದರೂ ಮಾಡಬೇಕು: ಖಾತೆಯ ಹೆಸರು, ರಸೀದಿ ನಂಬರ್, ವಾರದ ಲೆಕ್ಕ, ಕೆಲಸ ಮುಗಿದ ಮೇಲಿನ ವರದಿ. ತಂತ್ರಜ್ಞಾನ ಬೇಕಾಗುವುದು ಇದಕ್ಕೆ. ದುಡ್ಡು ಪಡೆಯುವ ಕೆಲಸ ಎರಡು ನಿಮಿಷದ್ದು. ಪಡೆದ ಮೇಲಿನ ಕೆಲಸವೇ ಜಾಸ್ತಿ, ನಮ್ಮ ಸಂಘಗಳು ಸೋಲುವುದೂ ಅಲ್ಲೇ.

ಖಾತೆ ಯಾರ ಹೆಸರಿನಲ್ಲಿದೆ?

ಕ್ಯೂಆರ್ ಸ್ಕ್ಯಾನ್ ಮಾಡಿದ ಕೂಡಲೇ ದಾನಿಯ ಫೋನಿನಲ್ಲಿ ಒಂದು ಹೆಸರು ಮೂಡುತ್ತದೆ. ಅಲ್ಲಿ ಸಂಘದ ಹೆಸರಿನ ಬದಲು ಕೋಶಾಧಿಕಾರಿಯ ಹೆಸರು ಬಂದರೆ ಅರ್ಧ ಜನ ಅಲ್ಲಿಗೇ ಕೈ ಹಿಂದೆ ತೆಗೆಯುತ್ತಾರೆ. ತೆಗೆಯಲೇಬೇಕು. ಕೋಶಾಧಿಕಾರಿ ಎಷ್ಟೇ ಸಾಚಾ ಮನುಷ್ಯನಾದರೂ, ಆ ದುಡ್ಡು ಆದಾಯ ತೆರಿಗೆಯವರ ಕಣ್ಣಿಗೆ ಅವನದೇ ದುಡ್ಡಾಗಿ ಕಾಣುತ್ತದೆ. ನಾಳೆ ಅವನಿಗೆ ಏನಾದರೂ ಆದರೆ ಖಾತೆ ವಾರಸುದಾರರಿಗೆ ಹೋಗುತ್ತದೆ. ಹಾಗಾಗಿ ಮೊದಲ ಹೆಜ್ಜೆ ಸಂಘದ ನೋಂದಣಿ, ಸಂಘದ ಹೆಸರಿನಲ್ಲಿ ಪಾನ್, ಸಂಘದ ಹೆಸರಿನಲ್ಲಿ ಬ್ಯಾಂಕ್ ಖಾತೆ, ಅದಕ್ಕೆ ಇಬ್ಬರ ಸಹಿ.

ನೋಂದಣಿಯಲ್ಲಿ ಗಡಿಯವರಿಗೆ ಒಂದು ವಿಶೇಷ ಇದೆ. ಕೇರಳದ ದಕ್ಷಿಣ ಭಾಗದ ಸಂಘಗಳು 1955ರ ತಿರುವಿದಾಂಕೂರು-ಕೊಚ್ಚಿ ಕಾಯ್ದೆಯಡಿ ನೋಂದಣಿ ಆಗುತ್ತವೆ. ಕಾಸರಗೋಡು 1956ರ ತನಕ ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡಕ್ಕೆ ಸೇರಿತ್ತು. ಆದ್ದರಿಂದ ಇಲ್ಲಿ, ಮಲಬಾರಿನ ಉಳಿದ ಕಡೆಯ ಹಾಗೆ, 1860ರ ಸಂಘಗಳ ನೋಂದಣಿ ಕಾಯ್ದೆ ನಡೆಯುತ್ತದೆ. ತಲಪಾಡಿ ದಾಟಿದರೆ ಕರ್ನಾಟಕದ 1960ರ ಕಾಯ್ದೆ. ಮಂಗಳೂರಿನ ಯಾವುದೋ ಸಂಘದ ಬೈಲಾ ತಂದು ಹೆಸರು ಬದಲಿಸಿ ಕೊಟ್ಟರೆ ಆಗುವುದಿಲ್ಲ. ಜಿಲ್ಲಾ ರಿಜಿಸ್ಟ್ರಾರ್ ಕಚೇರಿಗೆ ಮೊದಲು ಇಲ್ಲಿಯದೇ ಮಾದರಿ ಕೇಳಿ.

ಖಾತೆ ಆದ ಮೇಲೆ ಬ್ಯಾಂಕಿನವರೇ ಯುಪಿಐ ಕ್ಯೂಆರ್ ಕೊಡುತ್ತಾರೆ. ಆ ಚೌಕದ ಒಳಗಿರುವುದು ಬರೀ ಒಂದು ಸಾಲು ಅಕ್ಷರ: ಯುಪಿಐ ವಿಳಾಸ, ಖಾತೆಯ ಹೆಸರು, ಬೇಕಿದ್ದರೆ ಮೊತ್ತ, ಬೇಕಿದ್ದರೆ ಒಂದು ಟಿಪ್ಪಣಿ. ಬ್ಯಾಂಕ್ ಖಾತೆಯಿಂದ ನೇರ ಯುಪಿಐ ಮಾಡಿದರೆ ಪಡೆಯುವವರಿಗೆ ಖರ್ಚಿಲ್ಲ. 2020ರ ಜನವರಿಯಿಂದ ಯುಪಿಐ ಮತ್ತು ರುಪೇ ಡೆಬಿಟ್ ಕಾರ್ಡಿಗೆ ವ್ಯಾಪಾರಿ ಶುಲ್ಕ ಸೊನ್ನೆ. ಕ್ರೆಡಿಟ್ ಕಾರ್ಡ್, ನೆಟ್ ಬ್ಯಾಂಕಿಂಗ್ ಎಲ್ಲ ಬೇಕು ಅಂತ, ಅವನ್ನೆಲ್ಲ ಪಡೆದು ನಿಮ್ಮ ಖಾತೆಗೆ ಹಾಕುವ ಮಧ್ಯವರ್ತಿ ಸೇವೆಯಾದ ಪೇಮೆಂಟ್ ಗೇಟ್‌ವೇ ಹಾಕಿಸಿದರೆ ಸಾಮಾನ್ಯವಾಗಿ ಶೇ. 2ರ ಆಸುಪಾಸು ಶುಲ್ಕ, ಅದರ ಮೇಲೆ ಶೇ. 18 ಜಿಎಸ್‌ಟಿ. ಶೇ. 2 ಅಂತಲೇ ಹಿಡಿದರೆ ಸಾವಿರ ರೂಪಾಯಿಯಲ್ಲಿ 23 ರೂಪಾಯಿ 60 ಪೈಸೆ ಹೋಗಿ 976 ರೂಪಾಯಿ 40 ಪೈಸೆ ಕೈಗೆ ಬರುತ್ತದೆ. ಸಣ್ಣ ಸಂಘಕ್ಕೆ ಆರಂಭದಲ್ಲಿ ಗೇಟ್‌ವೇ ಬೇಡ ಅನ್ನುವುದು ನನ್ನ ಅಭಿಪ್ರಾಯ.

ಕ್ಯೂಆರಿಗೆ ಕಳ್ಳರ ಕಾಟವೂ ಇದೆ. ಪೋಸ್ಟರಿನಲ್ಲಿ ಚೌಕವೊಂದನ್ನೇ ಬದಲಿಸಿ ಮತ್ತೆ ಗ್ರೂಪುಗಳಿಗೆ ಬಿಡುವುದು ಫೋನಲ್ಲೇ ಆಗುವ ಕೆಲಸ. 2024ರ ಜುಲೈಯಲ್ಲಿ ವಯನಾಡಿನಲ್ಲಿ ಭೂಕುಸಿತ ಆದಾಗ ಮುಖ್ಯಮಂತ್ರಿಯವರ ಪರಿಹಾರ ನಿಧಿಯ ಕ್ಯೂಆರ್ ಕೋಡನ್ನು ದುರುಪಯೋಗದ ಭಯದಿಂದ ಕೇರಳ ಸರ್ಕಾರವೇ ಹಿಂತೆಗೆಯಿತು. ಸರ್ಕಾರಕ್ಕೇ ಹೀಗಾದರೆ ನಮ್ಮ ಪಾಡೇನು, ಅಲ್ವಾ? ಅದಕ್ಕೆ ಕೋಡಿನ ಕೆಳಗೆ ದೊಡ್ಡ ಅಕ್ಷರದಲ್ಲಿ ಬರೆಯಿರಿ: "ಸ್ಕ್ಯಾನ್ ಮಾಡಿದಾಗ ಇಂಥ ಹೆಸರು ಬರಬೇಕು. ಬೇರೆ ಹೆಸರು ಬಂದರೆ ದುಡ್ಡು ಹಾಕಬೇಡಿ, ನಮಗೆ ಫೋನ್ ಮಾಡಿ." ಬ್ಯಾಂಕ್ ದಾಖಲೆಯಲ್ಲಿ ಹೆಸರಿನ ಸ್ಪೆಲ್ಲಿಂಗ್ ಹೇಗಿದೆಯೋ ಹಾಗೇ ಬರೆಯಿರಿ. ನಮ್ಮ ಊರುಗಳ ಹೆಸರು ಕನ್ನಡದಲ್ಲೊಂದು, ಮಲಯಾಳದಲ್ಲೊಂದು. ಸಂಘದ ಬೋರ್ಡಲ್ಲಿ "ಮಂಜೇಶ್ವರ", ಪಾಸ್‌ಬುಕ್ಕಿನಲ್ಲಿ "ಮಂಜೇಶ್ವರಂ" ಇದ್ದರೆ ದೂರದಲ್ಲಿರುವವರಿಗೆ ಸಂಶಯ ಬರುವುದು ಸಹಜ.

ಮುನ್ನೂರು ರೂಪಾಯಿಯ ಹಿಂದೆ ಹೋಗೋಣ

ಒಂದು ವಾಚನಾಲಯವನ್ನು ಕಲ್ಪಿಸಿಕೊಳ್ಳಿ. ಪೆರ್ಲದ ಕಡೆ ಎಲ್ಲೋ ಇದೆ ಅಂತಿಟ್ಟುಕೊಳ್ಳೋಣ. ಮಾಡು ಸೋರುತ್ತಿದೆ, ಪುಸ್ತಕಗಳಿಗೆ ಬೂಸ್ಟು ಹಿಡಿಯುತ್ತಿದೆ. ರಾತ್ರಿ ಒಂಬತ್ತೂವರೆಗೆ ಖಾತೆಗೆ 300 ರೂಪಾಯಿ ಬಂತು. ಬ್ಯಾಂಕಿನ ಮೆಸೇಜಿನಲ್ಲಿ ಹೆಸರು ಅರ್ಧ ಇದೆ, ಜೊತೆಗೆ 12 ಅಂಕಿಯ ಒಂದು ನಂಬರ್. ಕೊಟ್ಟವರು ಯಾರು? ಊರಿನಲ್ಲಿ ಅದೇ ಹೆಸರಿನವರು ಐದಾರು ಜನ ಇರಬಹುದು.

ಎಷ್ಟೋ ಸಂಘಗಳಲ್ಲಿ ಕಥೆ ಇಲ್ಲಿಗೇ ಮುಗಿಯುತ್ತದೆ. ದುಡ್ಡು ಬಂತು, ಸಂತೋಷ. ಕೊಟ್ಟವರಿಗೆ ಒಂದು ಮಾತೂ ಇಲ್ಲ. ಮುಂದಿನ ಸಲ ಅವರು ಕೊಡುವುದಿಲ್ಲ, ಯಾಕೆ ಕೊಡಲಿಲ್ಲ ಅಂತ ಸಂಘಕ್ಕೆ ಗೊತ್ತೂ ಆಗುವುದಿಲ್ಲ.

ಇದಕ್ಕೆ ಬೇಕಾದ ತಂತ್ರಜ್ಞಾನ ಒಂದು ಗೂಗಲ್ ಫಾರ್ಮ್, ಒಂದು ಗೂಗಲ್ ಶೀಟ್, ಅಷ್ಟೇ. ಕ್ಯೂಆರಿನ ಪಕ್ಕದಲ್ಲೇ ಫಾರ್ಮಿನ ಲಿಂಕ್ ಕೊಡಿ. ಅದರಲ್ಲಿ ಹೆಸರು, ಊರು, ಫೋನ್, ಮೊತ್ತ, ಆ 12 ಅಂಕಿಯ ನಂಬರ್, ಯಾವ ಕೆಲಸಕ್ಕೆ ಅನ್ನುವುದು ಸಾಕು. ಹೆಸರು ಹೊರಗೆ ಬರುವುದು ಬೇಡ ಅನ್ನುವವರಿಗೆ ಒಂದು ಟಿಕ್ ಹಾಕುವ ಜಾಗ ಇರಲಿ. ಫಾರ್ಮಿನ ಉತ್ತರ ತಾನಾಗಿಯೇ ಶೀಟಿಗೆ ಹೋಗುತ್ತದೆ. ಅಲ್ಲಿ ನೀವು ಮೂರು ಅಂಕಣ ಸೇರಿಸಿ: ಬ್ಯಾಂಕಿನಲ್ಲಿ ನೋಡಿ ಆಯಿತಾ, ರಸೀದಿ ನಂಬರ್ ಎಷ್ಟು, ಕೆಲಸ ಮುಗಿದ ಮೇಲೆ ವರದಿ ಕಳಿಸಿದಿರಾ.

"ಬ್ಯಾಂಕಿನಲ್ಲಿ ನೋಡಿ ಆಯಿತಾ" ಅನ್ನುವುದನ್ನು ಬಿಡಲೇಬೇಡಿ. ಸ್ಕ್ರೀನ್‌ಶಾಟ್ ನಂಬಿ ರಸೀದಿ ಬರೆಯಬಾರದು. ಸುಳ್ಳು ಸ್ಕ್ರೀನ್‌ಶಾಟ್ ಮಾಡುವ ಆ್ಯಪುಗಳೇ ಇವೆ. ಜೊತೆಗೆ, ದಾನಿಗಳ ಸ್ಕ್ರೀನ್‌ಶಾಟನ್ನು ಗ್ರೂಪಿಗೆ ಹಾಕುವ ಅಭ್ಯಾಸ ಬಿಡಿ. ಅದರಲ್ಲಿ ಅವರ ಫೋನ್ ನಂಬರ್, ಬ್ಯಾಂಕಿನ ಹೆಸರು ಎಲ್ಲ ಇರುತ್ತದೆ. ಜನರ ಮಾಹಿತಿಯನ್ನು ಅವರ ಒಪ್ಪಿಗೆ ಪಡೆದು, ಹೇಳಿದ ಕೆಲಸಕ್ಕೆ ಮಾತ್ರ ಬಳಸಬೇಕು ಅನ್ನುವುದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ತಿರುಳು.

ವಾರಕ್ಕೊಮ್ಮೆ, ಭಾನುವಾರ ಅಂತಿಟ್ಟುಕೊಳ್ಳಿ, ಕಾರ್ಯದರ್ಶಿ ಮತ್ತು ಕೋಶಾಧಿಕಾರಿ ಒಟ್ಟಿಗೆ ಕೂತು ಸ್ಟೇಟ್‌ಮೆಂಟನ್ನೂ ಶೀಟನ್ನೂ ಸಾಲುಸಾಲಾಗಿ ತಾಳೆ ನೋಡಬೇಕು. ಆಮೇಲೆ ಒಬ್ಬೊಬ್ಬರಿಗೂ ಅವರ ಹೆಸರು ಹಾಕಿ ಮೆಸೇಜ್: "ನಿಮ್ಮ 300 ರೂಪಾಯಿ ತಲುಪಿದೆ, ರಸೀದಿ ನಂಬರ್ ಇಷ್ಟು, ಮಾಡಿನ ಕೆಲಸ ಮುಂದಿನ ವಾರ ಶುರು." ಮುನ್ನೂರು ಕೊಟ್ಟವರಿಗೂ ಮೂವತ್ತು ಸಾವಿರ ಕೊಟ್ಟವರಿಗೂ ಇದೇ ಮರ್ಯಾದೆ. ನಮ್ಮ ಕಡೆ ಹೊರೆಕಾಣಿಕೆ ಮೆರವಣಿಗೆಯಲ್ಲಿ ಎರಡು ತೆಂಗಿನಕಾಯಿ ತಂದವರನ್ನೂ ಹೆಸರು ಬರೆದುಕೊಂಡೇ ಒಳಗೆ ಕರೆಯುವುದಲ್ವಾ? ಶೀಟ್ ಮಾಡಬೇಕಾದ್ದು ಅದನ್ನೇ.

ಹೆಸರು ಬರೆದಿಡುವುದಕ್ಕೆ ಕಾನೂನಿನ ಕಾರಣವೂ ಇದೆ. ಆದಾಯ ತೆರಿಗೆಯಲ್ಲಿ ಸೇವಾ ಸಂಸ್ಥೆಗಳಿಗೆ ಹೆಸರು-ವಿಳಾಸ ಇಲ್ಲದ ದೇಣಿಗೆಯ ಮೇಲೆ ಶೇ. 30 ತೆರಿಗೆ ಹಾಕುವ ನಿಯಮ ಇದೆ. ಒಟ್ಟು ದೇಣಿಗೆಯ ಶೇ. 5 ಅಥವಾ ಒಂದು ಲಕ್ಷ ರೂಪಾಯಿ, ಇವೆರಡರಲ್ಲಿ ಯಾವುದು ಜಾಸ್ತಿಯೋ ಅಷ್ಟಕ್ಕೆ ವಿನಾಯಿತಿ. ಸಣ್ಣ ಸಂಘಕ್ಕೆ ಇವತ್ತು ತಾಗದಿರಬಹುದು. ಕಟ್ಟಡ ಕಟ್ಟುವ ವರ್ಷ ತಾಗುತ್ತದೆ.

ಗಲ್ಫಿನ ದುಡ್ಡು

ನಮ್ಮ ಜಿಲ್ಲೆಯಲ್ಲಿ ಅತಿ ಹೆಚ್ಚು ಗೊಂದಲ ಇರುವ ವಿಷಯ ಇದು. "ವಿದೇಶದಿಂದ ಬಂದರೆ ಎಫ್‌ಸಿಆರ್‌ಎ ಬೇಕು, ತೆಗೆದುಕೊಳ್ಳಬಾರದು" ಅಂತ ಕೆಲವರು ಹೆದರಿ ಗಲ್ಫಿನವರ ದೇಣಿಗೆಯನ್ನೇ ಬೇಡ ಅನ್ನುತ್ತಾರೆ. ಇನ್ನು ಕೆಲವರು ಏನೂ ನೋಡದೆ ಎಲ್ಲವನ್ನೂ ಹಾಕಿಸಿಕೊಳ್ಳುತ್ತಾರೆ. ಎರಡೂ ತಪ್ಪು.

ಎಫ್‌ಸಿಆರ್‌ಎ ಅಂದರೆ 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆ. ಅದು ಕೇಳುವುದು ದುಡ್ಡು ಕೊಟ್ಟವರು ಯಾರು ಅಂತ. ಅವರು ಎಲ್ಲಿ ಕೂತಿದ್ದಾರೆ ಅನ್ನುವುದು ಮುಖ್ಯವಲ್ಲ. ಶಾರ್ಜಾದಲ್ಲಿ ಕೆಲಸ ಮಾಡುವ ಉಪ್ಪಳದ ಮನುಷ್ಯನ ಕೈಯಲ್ಲಿ ಭಾರತದ ಪಾಸ್‌ಪೋರ್ಟ್ ಇದ್ದರೆ, ತನ್ನ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ, ಅದು ವಿದೇಶಿ ವಂತಿಗೆ ಅಲ್ಲ. ನಿಮ್ಮ ಸಾಮಾನ್ಯ ಖಾತೆಗೆ ಬರಬಹುದು. ಗಲ್ಫ್ ದೇಶಗಳು ಸುಲಭಕ್ಕೆ ಪೌರತ್ವ ಕೊಡುವುದಿಲ್ಲವಾದ್ದರಿಂದ ನಮ್ಮವರು ಹೆಚ್ಚಿನವರೂ ಈ ಲೆಕ್ಕಕ್ಕೇ ಬರುತ್ತಾರೆ. ಪಾಸ್‌ಪೋರ್ಟಿನ ಪ್ರತಿ ಅಥವಾ ಕನಿಷ್ಠ ತಾನು ಭಾರತದ ಪ್ರಜೆ ಅನ್ನುವ ಒಂದು ಬರಹ ಪಡೆದು ಇಟ್ಟುಕೊಳ್ಳಿ.

ಅಮೆರಿಕದಲ್ಲಿ ನೆಲೆಸಿ ಅಲ್ಲಿನ ಪೌರತ್ವ ಪಡೆದ ನೀರ್ಚಾಲಿನವರ ವಿಷಯ ಬೇರೆ. ಕೈಯಲ್ಲಿ ಒಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಕಾರ್ಡ್) ಇರಲಿ, ದುಡ್ಡು ಮಂಗಳೂರಿನ ಬ್ಯಾಂಕಿನ ರೂಪಾಯಿ ಖಾತೆಯಿಂದಲೇ ಬರಲಿ, ಅದು ವಿದೇಶಿ ವಂತಿಗೆ. ಹಾಗೆಯೇ ದುಬೈಯಲ್ಲಿ ನಮ್ಮವರೇ ನಡೆಸುವ ಕಂಪನಿಯ ಖಾತೆಯಿಂದ ಬಂದರೂ ವಿದೇಶಿ ವಂತಿಗೆ. ಜಾಸ್ತಿ ಜನರಿಗೆ ಗೊತ್ತಿಲ್ಲದ ಸಂಗತಿ ಇನ್ನೊಂದಿದೆ: ಹೊರದೇಶದಲ್ಲಿ ಕಟ್ಟಿಕೊಂಡ ಕನ್ನಡ ಸಂಘ, ಊರ ಒಕ್ಕೂಟ ತನ್ನ ಹೆಸರಿನಲ್ಲಿ ಕಳಿಸಿದರೂ ಅದು ವಿದೇಶಿ ಮೂಲವೇ. ಸದಸ್ಯರು ಒಬ್ಬೊಬ್ಬರಾಗಿ ತಮ್ಮ ತಮ್ಮ ಉಳಿತಾಯದಿಂದ, ತಮ್ಮ ತಮ್ಮ ಖಾತೆಯಿಂದ ಕಳಿಸುವುದು ಒಂದು, ಸಂಘ ಒಟ್ಟುಮಾಡಿ ಕಳಿಸುವುದು ಇನ್ನೊಂದು.

ಎಫ್‌ಸಿಆರ್‌ಎ ನೋಂದಣಿ ಸಣ್ಣ ಸಂಘಕ್ಕೆ ಎಟುಕುವುದು ಕಷ್ಟ. ಸಂಸ್ಥೆಗೆ ಮೂರು ವರ್ಷ ಆಗಿರಬೇಕು, ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ಒಟ್ಟು 15 ಲಕ್ಷ ರೂಪಾಯಿ ಮೂಲ ಉದ್ದೇಶಕ್ಕೆ ಖರ್ಚಾಗಿರಬೇಕು. 2020ರ ತಿದ್ದುಪಡಿಯ ಮೇಲೆ ಆ ದುಡ್ಡು ಮೊದಲು ದೆಹಲಿಯ ಸಂಸದ್ ಮಾರ್ಗದ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು. ನೋಂದಣಿ ಇಲ್ಲದೆ ತೆಗೆದುಕೊಂಡರೆ ಜೈಲು ಶಿಕ್ಷೆಯೂ ಆಗಬಹುದಾದ ಅಪರಾಧ. ಆದ್ದರಿಂದ ಗೇಟ್‌ವೇ ಹಾಕಿಸಿದ್ದರೆ ಅದರಲ್ಲಿ ವಿದೇಶಿ ಕಾರ್ಡ್ ಬಂದ್ ಮಾಡಿಡಿ. ಫಾರ್ಮಿನಲ್ಲಿ "ನಾನು ಭಾರತೀಯ ಪ್ರಜೆ, ಇದು ನನ್ನ ಸ್ವಂತ ದುಡ್ಡು" ಅನ್ನುವ ಟಿಕ್ ಕಡ್ಡಾಯ ಮಾಡಿ.

ಗಲ್ಫಿನವರಿಗೆ ಕಳಿಸುವ ದಾರಿ ಈಗ ಸುಲಭ. 2023ರ ಜನವರಿಯಲ್ಲಿ ಯುಪಿಐ ನಡೆಸುವ ಸಂಸ್ಥೆಯಾದ ಎನ್‌ಪಿಸಿಐ ಹತ್ತು ದೇಶಗಳ ಮೊಬೈಲ್ ನಂಬರಿಗೆ ಯುಪಿಐ ತೆರೆಯಿತು. ಯುಎಇ, ಸೌದಿ, ಕತಾರ್, ಒಮಾನ್ ಆ ಪಟ್ಟಿಯಲ್ಲಿವೆ. ಎನ್‌ಆರ್‌ಇ ಅಥವಾ ಎನ್‌ಆರ್‌ಒ ಖಾತೆಗೆ (ಅನಿವಾಸಿ ಭಾರತೀಯರು ಇಲ್ಲಿನ ಬ್ಯಾಂಕಿನಲ್ಲಿ ಇಡುವ ಖಾತೆಗಳು) ಅಲ್ಲಿನ ನಂಬರ್ ಜೋಡಿಸಿದ್ದರೆ ಅಲ್ಲಿಂದಲೇ ನಿಮ್ಮ ಕ್ಯೂಆರ್ ಸ್ಕ್ಯಾನ್ ಮಾಡಬಹುದು. ಬ್ಯಾಂಕ್ ಆ ಸೌಲಭ್ಯ ಕೊಡುತ್ತದೆಯಾ ಅಂತ ಮಾತ್ರ ಅವರು ನೋಡಿಕೊಳ್ಳಬೇಕು.

ಇನ್ನು ಅಲ್ಲಿನ ಕಾನೂನು. ಯುಎಇಯಲ್ಲಿ 2021ರ ದೇಣಿಗೆ ಕಾನೂನಿನ ಪ್ರಕಾರ ಪರವಾನಗಿ ಇರುವ ಸಂಸ್ಥೆಗಳು ಮಾತ್ರ ಸಾರ್ವಜನಿಕವಾಗಿ ದೇಣಿಗೆ ಎತ್ತಬಹುದು. ಒಬ್ಬ ವ್ಯಕ್ತಿ ಸೋಷಿಯಲ್ ಮೀಡಿಯಾದಲ್ಲಿ ಮನವಿ ಹಾಕಿ ದುಡ್ಡು ಒಟ್ಟುಮಾಡಿದರೆ ಸಿಕ್ಕಿಬೀಳುತ್ತಾನೆ. ಊರಿನ ಸಂಘದವರು ಸುಮ್ನೆ ಒಂದು ಪೋಸ್ಟರ್ ಕಳಿಸಿ "ನಿನ್ನ ಗ್ರೂಪುಗಳಿಗೆಲ್ಲ ಹಾಕು, ನೀನೇ ಕಲೆಕ್ಟ್ ಮಾಡಿ ಕೊಡು" ಅನ್ನುತ್ತಾರೆ. ಪಾಪ, ಆ ಹುಡುಗ ಪ್ರೀತಿಯಿಂದ ಮಾಡುತ್ತಾನೆ. ಕೆಲಸ, ವೀಸಾ ಎಲ್ಲ ಅಪಾಯಕ್ಕೆ ಬೀಳುವುದು ಅವನದು. ದಯವಿಟ್ಟು ಅಲ್ಲಿರುವವರನ್ನು ಸಂಗ್ರಾಹಕರನ್ನಾಗಿ ಮಾಡಬೇಡಿ.

80ಜಿ ಎಷ್ಟು ಮುಖ್ಯ?

ಜನ ಅಂದುಕೊಂಡಷ್ಟಲ್ಲ. 80ಜಿ ಅಂದರೆ ದಾನಿಗೆ ತೆರಿಗೆ ರಿಯಾಯಿತಿ ಸಿಗುವಂತೆ ಆದಾಯ ತೆರಿಗೆ ಇಲಾಖೆ ಸಂಘಕ್ಕೆ ಕೊಡುವ ಮಾನ್ಯತೆ. ಅದಿದ್ದರೆ ಸಾಮಾನ್ಯವಾಗಿ ಕೊಟ್ಟ ಮೊತ್ತದ ಅರ್ಧವನ್ನು ದಾನಿ ತನ್ನ ಆದಾಯದಿಂದ ಕಳೆಯಬಹುದು, ಅದಕ್ಕೂ ಮಿತಿ ಇದೆ. 2,000 ರೂಪಾಯಿಗಿಂತ ಜಾಸ್ತಿ ನಗದಾಗಿ ಕೊಟ್ಟರೆ ಸಿಗುವುದಿಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೂ ಸಿಗುವುದಿಲ್ಲ, ಈಗ ಬಹಳಷ್ಟು ಸಂಬಳದಾರರು ಅದರಲ್ಲೇ ಇದ್ದಾರೆ. ಐನೂರು, ಸಾವಿರ ಕೊಡುವವರು ತೆರಿಗೆ ನೋಡಿ ಕೊಡುವುದಿಲ್ಲ. ಆದರೆ ದೊಡ್ಡ ದಾನಿಗಳು, ಕಂಪನಿಗಳು 12ಎಬಿ (ಸಂಘದ ಆದಾಯಕ್ಕೆ ತೆರಿಗೆ ವಿನಾಯಿತಿಯ ನೋಂದಣಿ), 80ಜಿ, ಸಿಎಸ್‌ಆರ್-1 (ಕಂಪನಿಗಳ ಸಾಮಾಜಿಕ ಹೊಣೆಯ ದುಡ್ಡು ಪಡೆಯುವ ನೋಂದಣಿ) ಎಲ್ಲ ಕೇಳುತ್ತಾರೆ. 80ಜಿ ತೆಗೆದುಕೊಂಡರೆ ವರ್ಷ ವರ್ಷ ಮೇ 31ರ ಒಳಗೆ ದಾನಿಗಳ ಪಟ್ಟಿಯನ್ನು ಇಲಾಖೆಗೆ ಸಲ್ಲಿಸಬೇಕು, ತಡವಾದರೆ ದಿನಕ್ಕೆ 200 ರೂಪಾಯಿ ಶುಲ್ಕ. ಪಾನ್ ನಂಬರ್ ಸಮೇತ ಶೀಟ್ ಸರಿಯಾಗಿದ್ದರೆ ಇದು ಒಂದು ಮಧ್ಯಾಹ್ನದ ಕೆಲಸ. 2025ರ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಯ ದಿನ 2026ರ ಏಪ್ರಿಲ್ 1, ಅದರಲ್ಲಿ ಕಲಮುಗಳ ನಂಬರ್ ಬೇರೆ. ಆಡಿಟರ್ ಹತ್ತಿರ ಕೇಳಿಕೊಳ್ಳಿ.

ಮನವಿ ಬರೆಯುವುದು, ಫೋಟೋ ಹಾಕುವುದು

"ಸಹೃದಯ ಬಂಧುಗಳೇ, ತಾವೆಲ್ಲರೂ ತನು ಮನ ಧನಗಳಿಂದ ಸಹಕರಿಸಿ ಈ ಪುಣ್ಯ ಕಾರ್ಯವನ್ನು ಯಶಸ್ವಿಗೊಳಿಸಬೇಕಾಗಿ ವಿನಂತಿ." ಈ ವಾಕ್ಯ ಎಷ್ಟು ಸಲ ಓದಿದ್ದೀರಿ? ಆಮಂತ್ರಣ ಪತ್ರಿಕೆಯಲ್ಲಿ ಚೆನ್ನಾಗಿಯೇ ಇರುತ್ತದೆ, ಯಾಕೆಂದರೆ ಅದನ್ನು ಕೈಯಾರೆ ಕೊಡಲು ಒಬ್ಬರು ಮನೆಗೆ ಬಂದಿರುತ್ತಾರೆ. ಫೋನಿನಲ್ಲಿ ಅದು ಏನೂ ಹೇಳುವುದಿಲ್ಲ. ಎಷ್ಟು ಬೇಕು, ಯಾಕೆ ಬೇಕು, ಯಾವಾಗ ಬೇಕು, ಯಾವುದೂ ಇಲ್ಲ.

ನಮ್ಮ ಕಲ್ಪನೆಯ ವಾಚನಾಲಯ ಹೀಗೆ ಬರೆಯಲಿ:

"ನಮ್ಮ ವಾಚನಾಲಯದ ಮಾಡು ಸೋರುತ್ತಿದೆ. ಮಾಡಿನ ಶೀಟಿಗೆ 38,000, ಕಬ್ಬಿಣಕ್ಕೆ 14,000, ಕೂಲಿ 10,000. ಒಟ್ಟು 62,000 ರೂಪಾಯಿ. ಸಂಘದಲ್ಲಿ 20,000 ಇದೆ. ಉಳಿದ 42,000 ಮೇ 15ರ ಒಳಗೆ ಬೇಕು, ಮಳೆ ಹಿಡಿದರೆ ಕೆಲಸ ಆಗುವುದಿಲ್ಲ. ಪ್ರತಿ ಭಾನುವಾರ ರಾತ್ರಿ ಲೆಕ್ಕ ಇಲ್ಲೇ ಹಾಕುತ್ತೇವೆ."

ಇಷ್ಟೇ. ಜೊತೆಗೆ ಸೋರುವ ಮೂಲೆಯ ಒಂದು ಫೋಟೋ, ಅಂಗಡಿಯವರು ಕೊಟ್ಟ ಕೊಟೇಶನ್ನಿನ ಇನ್ನೊಂದು ಫೋಟೋ. ಓದಿದವರಿಗೆ ತಮ್ಮ ಐನೂರು ಎಲ್ಲಿ ಕೂರುತ್ತದೆ ಅಂತ ಕಾಣುತ್ತದೆ.

ಹೊತ್ತು ನೋಡಿ ಕೇಳಬೇಕು. ಸಂಬಳದವರಿಗೆ ತಿಂಗಳ ಮೊದಲ ವಾರ, ತೋಟದವರಿಗೆ ಅಡಿಕೆ ಮಾರಿದ ಮೇಲೆ. ಜೂನ್‌ನಲ್ಲಿ ಶಾಲೆ ಶುರುವಾಗುವಾಗ ಬೇಕಾದ ಪುಸ್ತಕ, ಬ್ಯಾಗಿಗೆ ಏಪ್ರಿಲ್‌ನಲ್ಲೇ ಮನವಿ ಹೋಗಬೇಕು.

ಭಾಷೆಯ ವಿಷಯದಲ್ಲಿ ನಮಗೆ ಕಷ್ಟವೂ ಇದೆ, ಲಾಭವೂ ಇದೆ. ಒಂದೇ ವಾಚನಾಲಯಕ್ಕೆ ಕನ್ನಡ ಓದುವವರು, ಮಲಯಾಳ ಓದುವವರು ಎರಡೂ ಕಡೆ ದಾನಿಗಳಿದ್ದಾರೆ. ತುಳುವಿನಲ್ಲಿ ಒಂದು ನಿಮಿಷದ ವಾಯ್ಸ್ ಮೆಸೇಜ್ ಮುಂಬೈಯವರಿಗೆ ತಾಗುವಷ್ಟು ಯಾವ ಪೋಸ್ಟರೂ ತಾಗುವುದಿಲ್ಲ. ಒಂದೇ ಪೋಸ್ಟರಿನಲ್ಲಿ ಮೂರು ಭಾಷೆ ತುರುಕಬೇಡಿ, ಬೇರೆ ಬೇರೆ ಮಾಡಿ. ಕನ್ನಡವನ್ನು ಯುನಿಕೋಡಿನಲ್ಲಿ ಟೈಪ್ ಮಾಡಿ. ಹಳೆಯ ನುಡಿ, ಬರಹ ಫಾಂಟಿನ ಬರಹ ಪ್ರೆಸ್ಸಿಗೆ ಸರಿ, ಬೇರೆಯವರ ಫೋನಿನಲ್ಲಿ ಅದು ಅರ್ಥವಿಲ್ಲದ ಅಕ್ಷರಗಳಾಗಿ ಬೀಳುತ್ತದೆ, ಗೂಗಲಿನಲ್ಲಿ ಹುಡುಕಿದರೂ ಸಿಗುವುದಿಲ್ಲ.

ಫೋಟೋದ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. ಗೇರುತೋಟಗಳ ಮೇಲೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದ ಜಿಲ್ಲೆ ನಮ್ಮದು. ಅದರಿಂದ ನರಳಿದ ಎಣ್ಮಕಜೆ, ಪಡ್ರೆಯ ಮಕ್ಕಳ ಚಿತ್ರಗಳು ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂದವು. ಆ ಚಿತ್ರಗಳಿಂದ ವಿಷಯ ಹೊರಗೆ ಬಂತು, 2011ರಲ್ಲಿ ಸುಪ್ರೀಂ ಕೋರ್ಟು ನಿಷೇಧ ಹಾಕುವ ತನಕ ಹೋರಾಟ ನಡೆಯಿತು, ನಿಜ. ಅದೇ ಚಿತ್ರಗಳನ್ನು ಇವತ್ತಿಗೂ ಯಾರು ಯಾರೋ, ಯಾವ ಯಾವುದೋ ಮನವಿಗೆ ಅಂಟಿಸುವುದು ನೋಡಿದರೆ ಹೊಟ್ಟೆ ಉರಿಯುತ್ತದೆ. ಆ ಮಗುವಿಗೆ ಒಂದು ಹೆಸರಿದೆ, ತಾಯಿ ಇದ್ದಾಳೆ, ಅವರೂ ಅದೇ ವಾಟ್ಸಾಪ್ ನೋಡುತ್ತಾರೆ. ನೋವು ಜಾಸ್ತಿ ಕಂಡರೆ ದುಡ್ಡು ಜಾಸ್ತಿ ಬರುತ್ತದೆ ಅನ್ನುವ ಲೆಕ್ಕ ಬೇಡ. ಮಗುವಿನ ಮುಖದ ಬದಲು ಅದು ಕೂರುವ ವೀಲ್‌ಚೇರ್ ತೋರಿಸಿ, ವಿಶೇಷ ಮಕ್ಕಳ ಬಡ್ಸ್ ಶಾಲೆಗೆ ಹೋಗುವ ವ್ಯಾನ್ ತೋರಿಸಿ. ಮುಖ ತೋರಿಸಲೇಬೇಕಾದರೆ ಮನೆಯವರಿಗೆ ಪೋಸ್ಟರನ್ನು ಮೊದಲೇ ತೋರಿಸಿ, ಅವರದೇ ಭಾಷೆಯಲ್ಲಿ ಒಪ್ಪಿಗೆ ಬರೆಸಿಕೊಳ್ಳಿ, ಬೇಡ ಅಂದ ದಿನ ತೆಗೆಯಿರಿ. ಆರೈಕೆ-ರಕ್ಷಣೆ ಬೇಕಾದ ಮಕ್ಕಳ ಗುರುತು ಬಯಲು ಮಾಡುವುದು 2015ರ ಬಾಲ ನ್ಯಾಯ ಕಾಯ್ದೆಯಲ್ಲಿ ಅಪರಾಧವೂ ಹೌದು.

ತಿಂಗಳಿಗೆ ನೂರು

ಒಂದೇ ಸಲ ದೊಡ್ಡ ಮೊತ್ತ ಎತ್ತುವುದಕ್ಕಿಂತ ಸಣ್ಣ ಮೊತ್ತ ತಿಂಗಳು ತಿಂಗಳು ಬರುವುದು ಸಂಘಕ್ಕೆ ಹೆಚ್ಚು ಬಲ. 150 ಜನ ತಿಂಗಳಿಗೆ 100 ರೂಪಾಯಿ ಕೊಟ್ಟರೆ ತಿಂಗಳಿಗೆ 15,000, ವರ್ಷಕ್ಕೆ 1,80,000. ವಾಚನಾಲಯದ ಬಾಡಿಗೆ, ಕರೆಂಟು, ಒಬ್ಬರ ಸಣ್ಣ ಸಂಬಳ ನಡೆಯುತ್ತದೆ. ಕೇರಳದ ಪಾಲಿಯೇಟಿವ್ ಆರೈಕೆ (ವಾಸಿಯಾಗದ ಕಾಯಿಲೆಯವರ ನೋವು ಕಡಿಮೆ ಮಾಡುವ ಆರೈಕೆ) ಬೆಳೆದ ದಾರಿ ನೋಡಿ. 1993ರಲ್ಲಿ ಕೋಝಿಕ್ಕೋಡಿನಲ್ಲಿ ಶುರುವಾದದ್ದು ಊರೂರಿಗೆ ಹರಡಿದ್ದು ಅಲ್ಲಲ್ಲಿನ ಜನರ ಸಣ್ಣ ಸಣ್ಣ ದುಡ್ಡಿನಿಂದ, ಸ್ವಯಂಸೇವಕರಿಂದ.

ಯುಪಿಐ ಆಟೋಪೇಯಲ್ಲಿ ದಾನಿ ಒಮ್ಮೆ ಒಪ್ಪಿಗೆ ಕೊಟ್ಟರೆ ತಿಂಗಳು ತಿಂಗಳು ತಾನಾಗಿ ಹೋಗುತ್ತದೆ. ಕಡಿತಕ್ಕೆ 24 ಗಂಟೆ ಮೊದಲು ಅವರಿಗೆ ಸೂಚನೆ ಬರುತ್ತದೆ, ಬೇಡವಾದರೆ ಅವರೇ ನಿಲ್ಲಿಸಬಹುದು. ಇದಕ್ಕೆ ಗೇಟ್‌ವೇ ಬೇಕು. ಅಷ್ಟು ದೂರ ಹೋಗದವರು ದಾನಿಗಳಿಗೆ ತಮ್ಮ ಬ್ಯಾಂಕಿನಲ್ಲೇ ತಿಂಗಳು ತಿಂಗಳು ತಾನಾಗಿ ಕಳಿಸುವ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಕೊಡಲು ಹೇಳಬಹುದು, ಇಲ್ಲದಿದ್ದರೆ ಐದನೇ ತಾರೀಕಿಗೆ ಒಂದು ನೆನಪಿನ ಮೆಸೇಜ್ ಹಾಕಬಹುದು. ವಾಟ್ಸಾಪ್ ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನರ ಮಿತಿ ಇದೆ, ಅದೂ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ. ಆದ್ದರಿಂದ ರಸೀದಿ ಕಳಿಸುವಾಗಲೇ "ಈ ನಂಬರ್ ಸೇವ್ ಮಾಡಿಕೊಳ್ಳಿ" ಅಂತ ಬರೆಯಿರಿ.

ಉಳಿದ ಸಾಧನಗಳ ಬಗ್ಗೆ ಎರಡೇ ಮಾತು. ಪೋಸ್ಟರಿಗೆ ಕ್ಯಾನ್ವಾ ಲಾಭರಹಿತ ಸಂಸ್ಥೆಗಳಿಗೆ ಪುಕ್ಕಟೆ, ಸಂಘದ ಇಮೇಲಿಗೆ ಗೂಗಲ್‌ನ ಲಾಭರಹಿತ ಯೋಜನೆಯೂ ಪುಕ್ಕಟೆ, ದಾಖಲೆ ತೋರಿಸಬೇಕು. ಸಂಘ-ಸಂಸ್ಥೆಗಳ ಪಟ್ಟಿಗಾಗಿ ಇರುವ ನೀತಿ ಆಯೋಗದ ತಾಣವಾದ ಎನ್‌ಜಿಒ ದರ್ಪಣ್‌ನಲ್ಲಿ ಹೆಸರು ದಾಖಲಿಸಿಡಿ, ಅದಕ್ಕೂ ದುಡ್ಡು ಬೇಡ. ಮಿಲಾಪ್, ಕೆಟ್ಟೊದಂಥ ಕ್ರೌಡ್‌ಫಂಡಿಂಗ್ ತಾಣಗಳು ತುರ್ತು ಚಿಕಿತ್ಸೆಯಂಥ ದೊಡ್ಡ ಮೊತ್ತಕ್ಕೆ ಅನುಕೂಲ. ಆದರೆ ಅಲ್ಲಿಗೂ ಮೊದಲ ದಾನಿಗಳನ್ನು ನೀವೇ ಕರೆತರಬೇಕು. ಶುಲ್ಕ ಎಷ್ಟು, ದಾನಿಯಿಂದ ಟಿಪ್ ಕೇಳುತ್ತಾರಾ, ದುಡ್ಡು ಯಾವಾಗ ಕೈಗೆ ಬರುತ್ತದೆ ಅಂತ ಓದಿಯೇ ಸೇರಿ.

ಲೆಕ್ಕ ಎಲ್ಲರಿಗೂ ಕಾಣಲಿ

2024ರ ಏಪ್ರಿಲ್‌ನಲ್ಲಿ ಸೌದಿಯ ಜೈಲಿನಲ್ಲಿದ್ದ ಒಬ್ಬ ಮಲಯಾಳಿಯ ಜೀವ ಉಳಿಸಲು ಸತ್ತವರ ಮನೆಯವರಿಗೆ ಕೊಡಬೇಕಾದ ಸುಮಾರು 34 ಕೋಟಿ ರೂಪಾಯಿ ಪರಿಹಾರದ ಹಣ (ಬ್ಲಡ್ ಮನಿ) ಬೇಕಿತ್ತು. ಜನ ಅದನ್ನು ಕೊಟ್ಟರು. ಅದಕ್ಕಾಗಿಯೇ ಒಂದು ಮೊಬೈಲ್ ಆ್ಯಪ್ ಮಾಡಿದ್ದರು. ಎಷ್ಟು ಬಂತು ಅಂತ ಯಾರು ಬೇಕಾದರೂ ನೋಡಬಹುದಿತ್ತು. ಗುರಿ ಮುಟ್ಟಿದ ಕೂಡಲೇ ಸಂಗ್ರಹ ನಿಲ್ಲಿಸಿದರು. ನನಗೆ ಆ ಕೊನೆಯ ಸಂಗತಿ ತುಂಬಾ ದೊಡ್ಡದು ಅನಿಸುತ್ತದೆ.

ನಮಗೆ ಆ್ಯಪ್ ಬೇಡ. ಶೀಟಿನ ಒಂದು ಪುಟವನ್ನು, ಫೋನ್ ನಂಬರ್ ಇಲ್ಲದೆ, ಓದಲು ಮಾತ್ರ ಬಿಟ್ಟು ಲಿಂಕ್ ಹಂಚಿದರೆ ಸಾಕು. ಗುರಿ ಎಷ್ಟು, ಬಂದದ್ದು ಎಷ್ಟು, ಖರ್ಚಾದದ್ದು ಎಷ್ಟು, ಬಿಲ್ ಎಲ್ಲಿ. 42,000ದ ಜಾಗದಲ್ಲಿ 47,000 ಬಂದರೆ ಹೆಚ್ಚಿನ 5,000 ಏನು ಮಾಡುತ್ತೀರಿ ಅಂತ ಮನವಿಯಲ್ಲೇ ಬರೆದಿರಬೇಕು. 30,000 ಮಾತ್ರ ಬಂದರೆ ಅದನ್ನೂ ಹೇಳಿ, ಅರ್ಧ ಮಾಡು ಮಾಡಿಸುತ್ತೀರಾ, ಕೊಟ್ಟವರಿಗೆ ವಾಪಸ್ ಕೊಡುತ್ತೀರಾ ಅಂತ. ಕೆಲಸ ಮುಗಿದ ವಾರದಲ್ಲೇ ಹೊಸ ಮಾಡಿನ ಫೋಟೋ, ಬಿಲ್ಲುಗಳ ಫೋಟೋ ಪ್ರತಿ ದಾನಿಗೂ ಹೋಗಬೇಕು. ಆ ಮೆಸೇಜಿನಲ್ಲಿ ಮತ್ತೆ ದುಡ್ಡು ಕೇಳಬೇಡಿ.

ಮಹಾಸಭೆಯ ದಿನ ನೋಡಿಕೊಳ್ಳಬೇಕಾದ್ದು ಇನ್ನೊಂದಿದೆ. ಸಮಿತಿ ಬದಲಾಗುತ್ತದೆ, ಆದರೆ ಇಮೇಲ್ ಹಳೆಯ ಕಾರ್ಯದರ್ಶಿಯ ಫೋನಲ್ಲಿ, ಫೇಸ್‌ಬುಕ್ ಪುಟ ಗಲ್ಫಿಗೆ ಹೋದ ಹುಡುಗನ ಕೈಯಲ್ಲಿ, ಬ್ಯಾಂಕಿನ ಮೆಸೇಜ್ ಬರುವ ನಂಬರ್ ಇನ್ಯಾರದೋ. ಸಂಘದ ಹೆಸರಿಗೆ ಒಂದು ಸಿಮ್ ತೆಗೆದು, ಬ್ಯಾಂಕ್, ಇಮೇಲ್, ವಾಟ್ಸಾಪ್ ಎಲ್ಲ ಅದಕ್ಕೇ ಜೋಡಿಸಿ. ಪುಟಗಳಿಗೆ ಕನಿಷ್ಠ ಇಬ್ಬರು ಅಡ್ಮಿನ್ ಇರಲಿ. ರಸೀದಿ ಪುಸ್ತಕ, ಬೀಗದ ಕೈ ಹಸ್ತಾಂತರ ಮಾಡುವಾಗ ಸಿಮ್, ಪಾಸ್‌ವರ್ಡ್, ಶೀಟಿನ ಹಕ್ಕು ಕೂಡ ಹಸ್ತಾಂತರ ಆಯಿತು ಅಂತ ಮಿನಿಟ್ಸ್ ಪುಸ್ತಕದಲ್ಲಿ ಬರೆದು ಹಳಬರು, ಹೊಸಬರು ಇಬ್ಬರೂ ಸಹಿ ಹಾಕಬೇಕು. ಬ್ಯಾಂಕಿಗೆ ಹೊಸ ಸಹಿದಾರರ ನಿರ್ಣಯದ ಪ್ರತಿಯನ್ನು ಅದೇ ವಾರ ಕೊಡಿ. ಅಲ್ಲಿಯ ತನಕ ಹಳೆಯ ಸಹಿಯೇ ನಡೆಯುತ್ತದೆ.